ಕಾಲಿನ ಚಿಂತೆ ಬಿಡಿ, ಮಧ್ಯಾಹ್ನದ ಊಟದ ಚಿಂತೆ ಮಾಡಿ

ಪ್ರಶ್ನೆ: ನನಗೆ 61, ನನ್ನ ಹೆಂಡತಿಗೆ 57. ಮೈಸೂರಿನವರು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ, ಮಾನಸಗಂಗೋತ್ರಿ ಕಡೆ ಎಂಟು ಹತ್ತು ಕಿಲೋಮೀಟರ್ ಸೈಕಲ್ ಹೊಡೆಯುತ್ತೇವೆ. ಮಗ ಫ್ರಾನ್ಸ್‌ನ ಟುಲೂಸ್‌ನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ವರ್ಷ ಅವನ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಸಮುದ್ರದವರೆಗೆ ಒಂದು ನಾಲೆ ಇದೆಯಂತೆ, ಎರಡೂ ಕಡೆ ದೊಡ್ಡ ಮರಗಳು, ಪಕ್ಕದಲ್ಲೇ ಸೈಕಲ್ ದಾರಿ. ಫೋಟೊ ನೋಡಿ ಮರುಳಾಗಿದ್ದೇವೆ. ಐದು ದಿನದಲ್ಲಿ ಆ ದಾರಿ ಮುಗಿಸಬಹುದಾ? ನಮ್ಮ ವಯಸ್ಸಿಗೆ ಜಾಸ್ತಿ ಆಗುತ್ತಾ? ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ.

ಉತ್ತರ: ಸೈಕಲ್ ಪ್ರವಾಸ ಧಾರಾಳವಾಗಿ ಆಗುತ್ತದೆ. ಆದರೆ ನೀವು ಹೇಳಿದ ದಾರಿ ಬೇಡ. ಟುಲೂಸ್‌ನಿಂದ ಹೊರಡುವುದೂ ಬೇಡ. ಟುಲೂಸ್‌ಗೆ ಬಂದು ಸೇರಿ.

ನೀವು ಫೋಟೊದಲ್ಲಿ ನೋಡಿದ್ದು ಕಾನಾಲ್ ದ್ಯು ಮಿದಿ. ಟುಲೂಸ್‌ನಿಂದ ಮೆಡಿಟರೇನಿಯನ್ ದಡದ ಸೆತ್ ಊರಿನವರೆಗೆ 240 ಕಿಲೋಮೀಟರ್. ಇದನ್ನು ಮಾಡಿಸಿದ ಪಿಯರ್-ಪಾಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ಸುಂಕ ವಸೂಲಿ ಮಾಡುತ್ತಿದ್ದ ಮನುಷ್ಯ. 1666ರಲ್ಲಿ 14ನೇ ಲೂಯಿಯಿಂದ ಅಪ್ಪಣೆ ಬಂತು. 1680ರಲ್ಲಿ ರಿಕೆ ತೀರಿಕೊಂಡ, 1681ರಲ್ಲಿ ನಾಲೆ ದೋಣಿ ಸಂಚಾರಕ್ಕೆ ತೆರೆಯಿತು. 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಷ್ಟೆಲ್ಲ ಹೆಸರಿರುವುದರಿಂದಲೇ ಎಲ್ಲರೂ ಅದನ್ನೇ ಕೇಳುತ್ತಾರೆ.

ತೊಂದರೆ ಏನೆಂದರೆ, ಟುಲೂಸ್‌ನಿಂದ ಸುಮಾರು 50 ಕಿಲೋಮೀಟರ್ ಮಾತ್ರ ನುಣುಪಾದ ಟಾರು ದಾರಿ. ಆಮೇಲೆ ಬಹಳ ಕಡೆ ಕಲ್ಲು, ಮಣ್ಣು, ಮರದ ಬೇರು. ಮಳೆ ಬಂದರೆ ಕೆಸರು. ಕೆಲವು ಕಡೆ ಒಂದೇ ಸೈಕಲ್ ಹಿಡಿಸುವಷ್ಟು ದಾರಿ, ಪಕ್ಕದಲ್ಲೇ ನೀರು. ಗುಂಡಿ ನೋಡುತ್ತಾ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು ದಿನಕ್ಕೆ 48 ಕಿಲೋಮೀಟರ್ ಹೋಗುವವರಿಗೆ ಸುತ್ತ ಏನಿದೆ ಅಂತ ಕಾಣುವುದೇ ಇಲ್ಲ. ಅದು ಆರಾಮದ ಪ್ರವಾಸ ಅಲ್ಲ.

ಮರಗಳ ಕತೆ ಇನ್ನೂ ಬೇಜಾರಿನದು. ಆ ನಾಲೆಯ ಉದ್ದಕ್ಕೂ ಪ್ಲೇನ್ ಅನ್ನುವ ಜಾತಿಯ ಸುಮಾರು 42,000 ಮರಗಳಿದ್ದವು. 2006ರಲ್ಲಿ ಕಾರ್ಕಸೋನ್ ಹತ್ತಿರ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಆ ರೋಗ ಯೂರೋಪಿಗೆ ಬಂತು ಎನ್ನುತ್ತಾರೆ. ಔಷಧಿ ಇಲ್ಲ. ರೋಗ ಬಂದ ಮರ, ಅದರ ಅಕ್ಕಪಕ್ಕದ ಮರ, ಎಲ್ಲ ಕಡಿದು ಸುಡಬೇಕು. ಸಾವಿರಾರು ಮರ ಹೋಗಿವೆ, ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ. ಅಂದರೆ ನಿಮ್ಮನ್ನು ಮರುಳು ಮಾಡಿದ ಆ ನೆರಳು ಫೋಟೊದಲ್ಲಿದ್ದಷ್ಟು ಈಗ ಎಷ್ಟೋ ಕಡೆ ಇಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಟುಲೂಸ್‌ನ ಇನ್ನೊಂದು ಬದಿಗೆ. ಅಲ್ಲಿಂದ ವಾಯವ್ಯಕ್ಕೆ, ಬೋರ್ಡೋ ದಿಕ್ಕಿಗೆ, ಗಾರೋನ್ ನದಿಯ ಜೊತೆಜೊತೆಗೆ ಇನ್ನೊಂದು ನಾಲೆ ಹೋಗುತ್ತದೆ. ಹೆಸರು ಗಾರೋನ್ ನಾಲೆ. 193 ಕಿಲೋಮೀಟರ್. ಕೆಲಸ ಶುರುವಾಗಿದ್ದು 1838ರಲ್ಲಿ, ಮುಗಿದಿದ್ದು 1856ರಲ್ಲಿ. ಪಾಪ, ಅದೇ ಹೊತ್ತಿಗೆ ಅದರ ಪಕ್ಕದಲ್ಲಿ ರೈಲು ಬಂತು. ಸಾಲದ್ದಕ್ಕೆ ಸರ್ಕಾರ ನಾಲೆಯನ್ನು ರೈಲು ಕಂಪನಿಯ ಕೈಗೇ ಕೊಟ್ಟಿತು! ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ. ಆಗ ದೋಣಿಯವರಿಗೆ ಆದ ನಷ್ಟ ಈಗ ನಮಗೆ ಲಾಭ. ಸುಸ್ತಾದರೆ ಹತ್ತಿರದಲ್ಲೇ ರೈಲು ಇರುತ್ತದೆ. ದಾರಿ ಪೂರ್ತಿ ಟಾರು, ಮೋಟಾರು ಗಾಡಿಗಳಿಗೆ ಪ್ರವೇಶ ಇಲ್ಲ. ಇಲ್ಲೂ ಪ್ಲೇನ್ ಮರಗಳ ನೆರಳಿದೆ, ಜನ ಮಾತ್ರ ಕಡಿಮೆ.

ಏರು ಎಷ್ಟು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 193 ಕಿಲೋಮೀಟರ್‌ನಲ್ಲಿ ಈ ನಾಲೆ ಏರುವುದು ಸುಮಾರು 128 ಮೀಟರ್. ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೆ ಹತ್ತುವುದರ ಅರ್ಧವೂ ಅಲ್ಲ. ಅದನ್ನೂ 53 ಲಾಕ್‌ಗಳಲ್ಲಿ, ಅಂದರೆ ನೀರು ತುಂಬಿಸಿ ದೋಣಿಯನ್ನು ಏರಿಸುವ, ನೀರು ಬಿಟ್ಟು ಇಳಿಸುವ ಗೇಟಿನ ತೊಟ್ಟಿಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹಂಚಿದ್ದಾರೆ. ಎರಡು ಲಾಕ್‌ಗಳ ನಡುವೆ ದಾರಿ ಹಾಸು ಚಪ್ಪಟೆ. ಲಾಕ್ ಬಂದ ಕಡೆ ಎರಡು ಮೂರು ಮೀಟರಿನಷ್ಟು ಸಣ್ಣ ದಿಬ್ಬ, ಅಷ್ಟೇ. ನಮ್ಮ ವಿ.ಸಿ. ನಾಲೆ ಏರಿಯ ಮೇಲೆ ಸೈಕಲ್ ಹೊಡೆದಿದ್ದರೆ ನಿಮಗೆ ಅಂದಾಜಾಗುತ್ತದೆ. ಅಲ್ಲಿ ನೀರು ಗದ್ದೆಗೆ ಓಡುತ್ತಿರುತ್ತದೆ, ಇಲ್ಲಿ ನೀರು ನಿಂತ ಹಾಗೇ ಇರುತ್ತದೆ. ಅಷ್ಟೇ ವ್ಯತ್ಯಾಸ.

ಈಗ ದಾರಿ. ಟುಲೂಸ್‌ನಿಂದ ಸೈಕಲ್ ಸಮೇತ ರೈಲಿನಲ್ಲಿ ಮಾರ್ಮಾಂಡ್‌ಗೆ ಹೋಗಿ. ಟೊಮೆಟೊಗೆ ಹೆಸರಾದ ಊರು. ಅಲ್ಲಿಂದ ನದಿ ದಾಟಿ ಐದಾರು ಕಿಲೋಮೀಟರ್ ಹೋದರೆ ನಾಲೆ ಸಿಗುತ್ತದೆ. ಎಡಕ್ಕೆ ತಿರುಗಿ, ಟುಲೂಸ್ ಕಡೆಗೆ. ಈ ದಿಕ್ಕು ಯಾಕೆಂದರೆ ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಬೆನ್ನಿಗೆ ಸಿಗುತ್ತದೆ. ಇನ್ನೊಂದು ಕಾರಣ, ಕೊನೆಗೆ ಮಗನ ಮನೆ ಬರುತ್ತದೆ. ಪ್ರವಾಸದ ಕೊನೇ ದಿನ ರೈಲು ಹಿಡಿಯುವ ಗಡಿಬಿಡಿ ಇರುವುದಿಲ್ಲ.

ಮೊದಲ ದಿನ ಬ್ಯುಜೆವರೆಗೆ, 35-40 ಕಿಲೋಮೀಟರ್. ಎರಡನೇ ದಿನ ಆಜಾಂ, 30. ಮೂರನೇ ದಿನ ಮ್ವಸಾಕ್, 45. ನಾಲ್ಕನೇ ದಿನ ಮೋಂತೆಶ್, 20 ಚಿಲ್ಲರೆ. ಐದನೇ ದಿನ ಟುಲೂಸ್, ಮತ್ತೆ 45. ಆರನೇ ದಿನ ಕೈಯಲ್ಲಿದ್ದರೆ ಮ್ವಸಾಕ್‌ನಲ್ಲೇ ಇನ್ನೊಂದು ರಾತ್ರಿ ಉಳಿಯಿರಿ. ಬೇರೆಲ್ಲೂ ಬೇಡ.

ಮೊದಲ ದಿನದ ದಾರಿಯಲ್ಲಿ ಲ ಮಾಸ್ ದಾಜೆನೆ ಅಂತ ಒಂದು ಹಳ್ಳಿ ಇದೆ. ನಾಲೆಯಿಂದ ಮೇಲಕ್ಕೆ ಒಂದು ಕಡಿದಾದ ರಸ್ತೆ. ಸೈಕಲ್ ತಳ್ಳಿಕೊಂಡೇ ಹತ್ತಿ, ನಾನೂ ತಳ್ಳಿದವನೇ. ಮೇಲೆ ಒಂದು ಹಳೇ ಚರ್ಚ್, ಒಳಗೆ ರೆಂಬ್ರಾಂಟ್ 1631ರಲ್ಲಿ ಬರೆದ ಶಿಲುಬೆಯ ಮೇಲಿನ ಕ್ರಿಸ್ತ. ಮೂಲ ಚಿತ್ರ, ನಕಲಲ್ಲ. ದೊಡ್ಡ ಮ್ಯೂಸಿಯಂನಲ್ಲಿ ಕ್ಯೂ ನಿಂತು ನೋಡಬೇಕಾದ ಚಿತ್ರವನ್ನು ಬೆವರಿದ ಅಂಗಿಯಲ್ಲಿ, ಸೈಕಲ್ ಹೊರಗೆ ಗೋಡೆಗೆ ಒರಗಿಸಿ, ಸುಮ್ನೆ ಹತ್ತು ನಿಮಿಷ ನೋಡಿ ಬರಬಹುದು. ಚರ್ಚ್ ತೆರೆದಿರುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ಎರಡನೇ ದಿನದ ಕೊನೆಗೆ ಆಜಾಂ ನಾಲಾ ಸೇತುವೆ ಬರುತ್ತದೆ. ಸೇತುವೆಯ ಮೇಲೆ ರಸ್ತೆ ಇಲ್ಲ, ರೈಲೂ ಇಲ್ಲ. ನಾಲೆಯೇ ಹೋಗುತ್ತದೆ! 23 ಕಮಾನು, 539 ಮೀಟರ್ ಉದ್ದ. ಕೆಳಗೆ ಗಾರೋನ್ ನದಿ ಹರಿಯುತ್ತಿರುತ್ತದೆ, ನಿಮ್ಮ ಪಕ್ಕದಲ್ಲಿ, ನದಿಗಿಂತ ಎಷ್ಟೋ ಮೇಲೆ, ಇನ್ನೊಂದು ನೀರು. ಸೈಕಲ್‌ನಿಂದ ಇಳಿದು ನಡೆದುಕೊಂಡೇ ದಾಟಿ. ಅದೃಷ್ಟ ಇದ್ದರೆ ಒಂದು ದೋಣಿಯೂ ಜೊತೆಗೆ ಬರುತ್ತದೆ, ನಡಿಗೆಗಿಂತ ಸ್ವಲ್ಪ ಜೋರಾಗಿ.

ದೋಣಿಗಳ ಬಗ್ಗೆ ಒಂದು ಮಾತು. ಈ ನಾಲೆಯಲ್ಲಿ ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಕಿಲ್ಲ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ನೀವು ಅವರನ್ನು ಹಿಂದೆ ಹಾಕುತ್ತೀರಿ. ನೀವು ಕಾಫಿಗೆ ನಿಂತಾಗ ಅವರು ಮುಂದೆ ಹೋಗುತ್ತಾರೆ. ಅವರು ಲಾಕ್‌ನಲ್ಲಿ ಕಾಯುವಾಗ ಮತ್ತೆ ನೀವು. ಸಂಜೆ ಹೊತ್ತಿಗೆ ಒಂದೇ ಕುಟುಂಬಕ್ಕೆ ನಾಲ್ಕು ಸಲ ಕೈ ಬೀಸಿರುತ್ತೀರಿ. ಒಂದಾದರೂ ಲಾಕ್ ಹತ್ತಿರ ಪೂರ್ತಿ ನಿಂತು ನೋಡಿ. ನೀರಿನ ಮೇಲೆ ಅಡ್ಡ ಕಟ್ಟಿದ ತಂತಿಯಿಂದ ಒಂದು ಕೋಲು ನೇತಾಡುತ್ತಿರುತ್ತದೆ. ದೋಣಿಯಲ್ಲಿದ್ದವರು ಅದನ್ನು ಹಿಡಿದು ತಿರುಚಬೇಕು. ತಿರುಚಿದರೆ ಸಿಗ್ನಲ್ ದೀಪ ಬದಲಾಗಿ ಗೇಟು ತಾನಾಗಿ ತೆರೆಯುತ್ತದೆ. ಹೊಸಬರಿಗೆ ಕೋಲು ಕೈಗೆ ಸಿಗುವುದಿಲ್ಲ. ಗಂಡ ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೆಂಡತಿ ಮುಂದೆ ಬಗ್ಗಿರುತ್ತಾಳೆ, ಕೋಲು ಜಾರಿಹೋಗುತ್ತದೆ, ಆಮೇಲೆ ಶುರುವಾಗುವ ಸಂಭಾಷಣೆ ಅರ್ಥ ಆಗುವುದಕ್ಕೆ ಫ್ರೆಂಚ್ ಬೇಕಾಗಿಲ್ಲ.

ಮ್ವಸಾಕ್‌ಗೆ ಹೋಗುವ ದಾರಿಯಲ್ಲಿ ಗೋಲ್ಫೆಶ್ ಅಣುವಿದ್ಯುತ್ ಸ್ಥಾವರದ ಎರಡು ದೊಡ್ಡ ಗೋಪುರಗಳು ಗಂಟೆಗಟ್ಟಲೆ ಕಾಣುತ್ತವೆ. ಫೋಟೊ ಹಾಕುವವರು ಅದನ್ನು ಕತ್ತರಿಸಿ ಹಾಕುತ್ತಾರೆ. ನನಗೇನೂ ಬೇಜಾರಿಲ್ಲ, ದೂರ ಅಳೆಯುವುದಕ್ಕೆ ಅನುಕೂಲ. ಇದೇ ಭಾಗದಲ್ಲಿ ದಾರಿ ಗೆರೆ ಎಳೆದ ಹಾಗೆ ನೇರ. ಬೋರ್ ಆಗುತ್ತದೆ, ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ನೀರಿನಲ್ಲಿ ಬೆಕ್ಕಿನಷ್ಟು ದೊಡ್ಡ ಇಲಿಯಂಥ ಪ್ರಾಣಿ ಈಜುತ್ತಿದ್ದರೆ ಹೆದರಬೇಡಿ. ಅದು ರಗೋಂದಾಂ. ತುಪ್ಪಳಕ್ಕಾಗಿ ದಕ್ಷಿಣ ಅಮೆರಿಕದಿಂದ ತಂದಿದ್ದು, ಈಗ ನಾಲೆ ದಡವನ್ನೆಲ್ಲ ತೋಡಿ ತೂತು ಮಾಡುತ್ತಿದೆ.

ಮ್ವಸಾಕ್‌ನಲ್ಲಿ ಹಳೇ ಮಠ ಇದೆ. ಅದರ ಕಂಬಗಳ ಅಂಗಳ ಮುಗಿದಿದ್ದು 1100ರಲ್ಲಿ ಅಂತ ಕಲ್ಲಿನ ಮೇಲೇ ಬರೆದಿದ್ದಾರೆ. 76 ಕಂಬದ ತಲೆ, ಒಂದೊಂದರ ಮೇಲೂ ಬೇರೆ ಬೇರೆ ಕೆತ್ತನೆ. ಬೇಲೂರು ನೋಡಿದ ಕಣ್ಣಿಗೆ ಕೆತ್ತನೆ ಸರಳ ಅನ್ನಿಸಬಹುದು, ಆದರೆ ಆ ಅಂಗಳದಲ್ಲಿ ಕೂತರೆ ಏಳುವ ಮನಸ್ಸಾಗುವುದಿಲ್ಲ. ರೈಲು ದಾರಿ ಹಾಕುವಾಗ ಮಠದ ಊಟದ ಮನೆಯನ್ನು ಒಡೆದುಹಾಕಿದರು. ಅಂಗಳ ಹೇಗೋ ಉಳಿಯಿತು. ಸ್ಪೇನ್‌ನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ದಾರಿಯೂ ಈ ಊರಿನ ಮೇಲೇ ಹೋಗುವುದರಿಂದ ಕಡಿಮೆ ಬೆಲೆಯ ವಸತಿ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಹೋದರೆ ಶಾಸ್ಲಾ ಅನ್ನುವ ಹೊಂಬಣ್ಣದ ದ್ರಾಕ್ಷಿ ತಿನ್ನಿ, ಅದಕ್ಕೇ ಈ ಊರು ಹೆಸರುವಾಸಿ. ಮೋಂತೆಶ್‌ನಲ್ಲಿ 1974ರಲ್ಲಿ ಮಾಡಿದ ವಿಚಿತ್ರ ಯಂತ್ರ ಇದೆ. ಎರಡು ರೈಲು ಎಂಜಿನ್‌ಗಳು ಸೇರಿ ದೋಣಿಯನ್ನು ನೀರಿನ ಸಮೇತ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುತ್ತಿದ್ದವು, ಐದು ಲಾಕ್ ತಪ್ಪಿಸಲು. 2009ರಿಂದ ನಿಂತಿದೆ, ನೋಡಲು ಇಟ್ಟಿದ್ದಾರೆ.

ಸರಿ, ಈಗ ನಿಜವಾದ ಸಮಸ್ಯೆಗೆ ಬರೋಣ. ಅದು ಕಾಲಲ್ಲ, ಗಡಿಯಾರ.

ಫ್ರಾನ್ಸ್‌ನ ಹಳ್ಳಿಯಲ್ಲಿ ಊಟ ಅಂದರೆ ಮಧ್ಯಾಹ್ನ ಹನ್ನೆರಡಕ್ಕೆ. ಒಂದೂವರೆ ಆದರೆ ಅಡುಗೆಮನೆ ಮುಚ್ಚುವ ಹೊತ್ತು. ಎರಡು ಗಂಟೆಗೆ ಹೋಗಿ ಎಷ್ಟು ಬೇಡಿಕೊಂಡರೂ ಪ್ರಯೋಜನ ಇಲ್ಲ, ಸಂಜೆ ಏಳರವರೆಗೆ ಬಿಸಿ ಊಟದ ಮಾತಿಲ್ಲ. ಬೇಕರಿ, ಅಂಗಡಿಗಳೂ ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಊರೇ ಮಲಗುತ್ತದೆ. ಸೋಮವಾರ ಅನೇಕ ಕಡೆ ರಜೆ. ನಮ್ಮಲ್ಲಿ ಎಂಥಾ ಕುಗ್ರಾಮದಲ್ಲೂ ಮೂರು ಗಂಟೆಗೆ ಒಂದು ಟೀ, ಒಂದು ಬನ್ನು ಸಿಗುತ್ತದೆ ಅಲ್ವಾ? ಆ ಅಭ್ಯಾಸವೇ ನಮ್ಮವರನ್ನು ಅಲ್ಲಿ ಹಸಿವಿನಲ್ಲಿ ಕೆಡವುವುದು.

ನಾನು ಮೊದಲ ಸಲ ಹೋದಾಗ ಒಂದು ಸೋಮವಾರ ಎರಡೂ ಹತ್ತಕ್ಕೆ ಒಂದು ಹಳ್ಳಿ ಮುಟ್ಟಿದೆ. ಹೋಟೆಲಿನವನು ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದ. ಬೇಕರಿ ಮುಚ್ಚಿತ್ತು. ಅದರ ಹೊರಗೆ ಬ್ರೆಡ್ ಮಾರುವ ಯಂತ್ರ. ನಿಜ, ಎಟಿಎಂ ಥರ ನಾಣ್ಯ ಹಾಕಿದರೆ ಉದ್ದನೆಯ ಬಾಗೆತ್ ಹೊರಗೆ ಬೀಳುತ್ತದೆ! ಬ್ಯಾಗಿನ ತಳದಲ್ಲಿ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಇತ್ತು. ಲಾಕ್ ಪಕ್ಕದ ಹುಲ್ಲಿನ ಮೇಲೆ ಕೂತು ಬಾಗೆತ್ ಮುರಿದು ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಚೆನ್ನಾಗಿಯೇ ಇತ್ತು, ಆದರೆ ದಿನಾ ಆಗುವುದಿಲ್ಲ.

ಆದ್ದರಿಂದ ದಿನದ ಲೆಕ್ಕವನ್ನು ಕಿಲೋಮೀಟರಿನಿಂದ ಹಾಕಬೇಡಿ, ಊಟದಿಂದ ಹಾಕಿ. ಹನ್ನೆರಡೂ ಕಾಲಿಗೆ ಯಾವ ಊರಿನಲ್ಲಿ ಇರಬೇಕು ಅಂತ ಹಿಂದಿನ ರಾತ್ರಿಯೇ ಗೊತ್ತು ಮಾಡಿ. ಅಲ್ಲಿನ ಹೋಟೆಲ್ ಆ ದಿನ ತೆರೆದಿದೆಯಾ ಅಂತ ಮಗನಿಂದ ಫೋನ್ ಮಾಡಿಸಿ. ನಿಮ್ಮ ವೇಗ ಗಂಟೆಗೆ 12 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ, ಫೋಟೊ, ಕಾಫಿ ಸೇರಿದರೆ 9-10. ಎಂಟೂವರೆಗೆ ಹೊರಟರೆ ಊಟದ ಹೊತ್ತಿಗೆ ಮುಕ್ಕಾಲು ದಾರಿ ಮುಗಿದಿರುತ್ತದೆ. ಮಧ್ಯಾಹ್ನದ ಮೇಲೆ ಹತ್ತು ಕಿಲೋಮೀಟರ್ ಉಳಿಸಿಕೊಂಡರೆ ಸಾಕು. ಮರದ ಕೆಳಗೆ ಒಂದು ನಿದ್ದೆಯನ್ನೂ ಹೊಡೆಯಬಹುದು.

ಸಸ್ಯಾಹಾರದ ವಿಷಯ. ಅದು ಬಾತುಕೋಳಿಯ ಸೀಮೆ. ಆಲೂಗಡ್ಡೆಯನ್ನೂ ಬಾತಿನ ಕೊಬ್ಬಿನಲ್ಲಿ ಹುರಿಯುತ್ತಾರೆ. ಸಲಾಡ್ ಅಂತ ಹೇಳಿದರೆ ಮೇಲೆ ಲಾರ್ದೋಂ ಬರುತ್ತದೆ, ಅಂದರೆ ಹಂದಿಯ ಚೂರು. ಬರೇ ‘ವೆಜಿಟೇರಿಯನ್’ ಅಂದರೆ ಕೆಲವರು ಮೀನು ತರುತ್ತಾರೆ, ಪ್ರೀತಿಯಿಂದಲೇ. ಅದಕ್ಕೆ ಪೂರ್ತಿ ಬಿಡಿಸಿ ಹೇಳಿ: ಸಾಂ ವಿಯಾಂದ್, ಸಾಂ ಪ್ವಾಸಾಂ, ಸಾಂ ಲಾರ್ದೋಂ, ಸಾಂ ಗ್ರೆಸ್ ದ ಕನಾರ್. ಮಾಂಸ ಬೇಡ, ಮೀನು ಬೇಡ, ಹಂದಿ ಚೂರು ಬೇಡ, ಬಾತಿನ ಕೊಬ್ಬು ಬೇಡ. ಒಂದು ಚೀಟಿಯಲ್ಲಿ ಮಗನಿಂದ ಬರೆಸಿಕೊಂಡು ತೋರಿಸುವುದು ಇನ್ನೂ ಒಳ್ಳೆಯದು. ಮೊಟ್ಟೆ ತಿನ್ನುತ್ತೀರಿ ಅಂದಿರಿ, ಅರ್ಧ ಕಷ್ಟ ಅಲ್ಲಿಗೇ ಕಳೆಯಿತು. ಆಮ್ಲೆಟ್ ಎಲ್ಲಾ ಕಡೆ ಮಾಡಿಕೊಡುತ್ತಾರೆ. ಸಂತೆ ಸಿಕ್ಕರೆ ಟೊಮೆಟೊ, ಆಡಿನ ಹಾಲಿನ ಚೀಸ್, ಆಜಾಂನ ಒಣ ಪ್ಲಮ್ ಕಟ್ಟಿಸಿಕೊಳ್ಳಿ. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ಹೆಪ್ಪು ಹಾಕಿರುತ್ತಾರೆ. ಅದನ್ನೂ ಬಿಡುವವರಾದರೆ ಮೊದಲೇ ಯೋಚಿಸಿ.

ವಸತಿಗೆ ಮನೆಯಲ್ಲೇ ಕೋಣೆ ಕೊಡುವವರನ್ನು ಹುಡುಕಿ, ಶಾಂಬ್ರ್ ದೋತ್ ಅನ್ನುತ್ತಾರೆ. ಅನೇಕರು ರಾತ್ರಿ ಊಟವನ್ನೂ ಹಾಕುತ್ತಾರೆ, ಮುಂಚೆ ಹೇಳಿರಬೇಕು. ಬಾಗಿಲಲ್ಲಿ ‘ಆಕೆಯ್ ವೆಲೊ’ ಫಲಕ ಇದ್ದರೆ ಸೈಕಲ್ ಇಡಲು ಭದ್ರವಾದ ಜಾಗ, ರಿಪೇರಿಗೆ ಬೇಕಾದ ಸಾಮಾನು ಇರುತ್ತದೆ. ಟೆಂಟ್ ಹೊರುವ ಹುಚ್ಚು ನಿಮಗೆ ಬೇಡ.

ನೀರಿಗೆ ಒಂದು ಗುಟ್ಟು. ಹಳ್ಳಿಯಲ್ಲಿ ಕುಡಿಯುವ ನೀರು ಬೇಕಾದರೆ ಸ್ಮಶಾನಕ್ಕೆ ಹೋಗಿ. ನಗಬೇಡಿ. ಗೋರಿಗಳ ಹೂಗಿಡಕ್ಕೆ ನೀರು ಹಾಕಲು ಗೇಟಿನ ಪಕ್ಕದಲ್ಲೇ ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದ ನೀರಾದರೆ ‘ನೋಂ ಪೊತಾಬ್ಲ್’ ಅಂತ ಬರೆದಿರುತ್ತದೆ, ಅದನ್ನು ಮಾತ್ರ ಬಿಡಿ. ನಿಮ್ಮ ಮನೆಯವರು ಒಪ್ಪದಿದ್ದರೆ ಕಾಫಿ ಅಂಗಡಿಯಲ್ಲಿ ಬಾಟಲಿ ತುಂಬಿಸಿ ಕೊಡುತ್ತಾರೆ.

ಸೈಕಲ್ ಇಲ್ಲಿಂದ ಒಯ್ಯಬೇಡಿ. ಟುಲೂಸ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ವೆತೆಸೆ ಅಂತ ಕೇಳಿ, ಟಾರಿಗೂ ಮಣ್ಣಿಗೂ ಆಗುವ ಸೈಕಲ್. ಹಿಂದಿನ ಕ್ಯಾರಿಯರ್‌ಗೆ ಎರಡೂ ಕಡೆ ನೇತುಹಾಕುವ ಚೀಲ ಸಾಕು, ಬೆನ್ನಿಗೆ ಬ್ಯಾಗ್ ಬೇಡ. ಬ್ಯಾಟರಿ ಸೈಕಲ್ ಬೇಕಾ? ಈ ಚಪ್ಪಟೆ ದಾರಿಗೆ ಬೇಡ ಅನ್ನುವುದು ನನ್ನ ಮಾತು. 25 ಕಿಲೋ ತೂಕ ಇರುತ್ತದೆ, ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತಿಸುವಾಗ ದೇವರು ನೆನಪಾಗುತ್ತಾನೆ. ಆದರೆ ಇಬ್ಬರಲ್ಲಿ ಒಬ್ಬರು ಯಾವಾಗಲೂ ಹಿಂದೆ ಬೀಳುವವರಾದರೆ ಅವರಿಗೊಂದು ತೆಗೆದುಕೊಳ್ಳಿ. ಜಗಳ ಕಡಿಮೆಯಾಗುತ್ತದೆ.

ಅಭ್ಯಾಸಕ್ಕೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬನ್ನಿ, 30 ಕಿಲೋಮೀಟರ್ ದಾಟುತ್ತದೆ. ಮಾರನೇ ದಿನ ಮತ್ತೆ ಹೋಗಿ ಬನ್ನಿ. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗಲೇ ಗೊತ್ತಾಗುವುದು ನೋಯುವುದು ಕಾಲಲ್ಲ ಅಂತ. ಮೆತ್ತೆ ಇರುವ ಸೈಕಲ್ ಚಡ್ಡಿ ಒಂದೆರಡು ಜೊತೆ ಇಲ್ಲೇ ಕೊಂಡು ಹೋಗಿ. ಕಾಲ ಅಂದರೆ ಮೇ, ಜೂನ್, ಇಲ್ಲವೇ ಸೆಪ್ಟೆಂಬರ್. ಜುಲೈ ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ರೈಲಿನಲ್ಲಿ ಸೈಕಲ್‌ಗಳ ನೂಕುನುಗ್ಗಲೂ ಜಾಸ್ತಿ. ರೈಲಿನ ವಿಷಯದಲ್ಲಿ ಇನ್ನೊಂದು: ಮಾರ್ಮಾಂಡ್‌ನಿಂದ ಆಜಾಂವರೆಗೆ ರೈಲು ನದಿಯ ಆಚೆ ದಡದಲ್ಲಿದೆ, ಹಿಡಿಯಲು ಸೇತುವೆ ದಾಟಬೇಕು. ಆಜಾಂನಿಂದ ಮ್ವಸಾಕ್‌ವರೆಗೆ ನಾಲೆಯ ಪಕ್ಕದಲ್ಲೇ ಇರುತ್ತದೆ. ಫ್ರಾನ್ಸ್‌ನಲ್ಲಿ ಎಡ ಬಲ ಮರೆಯಬೇಡಿ, ರಸ್ತೆಗೆ ಇಳಿದಾಗ ಬಲಬದಿಯಲ್ಲೇ ಹೋಗಬೇಕು. ನಾಲೆ ದಾರಿಯ ಅಭ್ಯಾಸದಲ್ಲಿ ಅದು ಮರೆತೇ ಹೋಗುತ್ತದೆ.

ಮಿದಿ ನಾಲೆ ನೋಡಲೇಬೇಕು ಅನ್ನಿಸಿದರೆ ಮಗನ ಮನೆಯಿಂದ ಒಂದು ದಿನ ಹೋಗಿ ಬನ್ನಿ. ರೈಲಿನಲ್ಲಿ ವಿಲ್‌ಫ್ರಾಂಶ್ ದ ಲೋರಾಗೆ, ಅಲ್ಲಿಂದ ಸೈಕಲ್‌ನಲ್ಲಿ ನೊರೂಜ್, ಹೋಗಿಬರಲು 30 ಕಿಲೋಮೀಟರ್ ಒಳಗೆ. ನೊರೂಜ್ 189 ಮೀಟರ್ ಎತ್ತರದ ದಿಣ್ಣೆ, ಆ ನಾಲೆಯ ನೆತ್ತಿ. ಬೆಟ್ಟದ ಹೊಳೆಗಳ ನೀರನ್ನು ರಿಕೆ ಇಲ್ಲಿಗೆ ತಂದು ಬಿಟ್ಟ. ಇಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ. ಓತಾಂ ಅನ್ನುವ ಆಗ್ನೇಯದ ಗಾಳಿ ಬೀಸುವ ದಿನ ಮಾತ್ರ ಹೋಗಬೇಡಿ, ಸೈಕಲ್ ನಿಂತಲ್ಲೇ ನಿಲ್ಲುತ್ತದೆ.

ಕೊನೇ ದಿನದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಟುಲೂಸ್ ಹತ್ತಿರವಾಗುತ್ತಿದ್ದ ಹಾಗೆ ಹಳ್ಳಿ ಮುಗಿದು ರೈಲು ಯಾರ್ಡು, ಗೋದಾಮು, ರಿಂಗ್ ರಸ್ತೆ ಶುರುವಾಗುತ್ತದೆ. ನಾನಾದರೆ 25 ಚಿಲ್ಲರೆ ಕಿಲೋಮೀಟರ್ ಮೊದಲೇ, ಗ್ರಿಸೋಲ್‌ನಲ್ಲಿ ರೈಲು ಹತ್ತಿಬಿಡುತ್ತೇನೆ. ಆದರೆ ಮಗನ ಮನೆಗೆ ಸೈಕಲ್ ತುಳಿದುಕೊಂಡೇ ಬಂದೆವು ಅಂತ ಹೇಳಿಕೊಳ್ಳುವ ಆಸೆ ನಿಮಗಿದ್ದರೆ ಪೂರ್ತಿ ಬನ್ನಿ. ಪಾಂ ಜ್ಯುಮೊ ಅನ್ನುವ ಜೋಡಿ ಸೇತುವೆಗಳ ಮುಂದಿನ ಕೊಳದಲ್ಲಿ ನಿಮ್ಮ ನಾಲೆ ಮುಗಿದು ಮಿದಿ ನಾಲೆ ಶುರುವಾಗುತ್ತದೆ. ಮಗನಿಗೆ ಅಲ್ಲೇ ಬಂದು ಕಾಯಲು ಹೇಳಿ. ಬರುವಾಗ ಒಂದು ಡಬ್ಬಿ ಮೊಸರನ್ನ ತರಲಿ, ಯಾಕೆಂದರೆ ನೀವು ಮುಟ್ಟುವಾಗ ಎರಡು ಗಂಟೆ ದಾಟಿರುತ್ತದೆ.